ಹಳೇ ಓಮ್ನಿ ಸ್ಟಾರ್ಟ್ ಆಗಿ ನಿಂತುಬಿಡುತ್ತಿದೆಯಾ? ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಮೊದಲು ಎಣಿಸಿ

ಬೆಳಗ್ಗೆ ಕೀ ತಿರುಗಿಸಿದರೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಖುಷಿಯಾಗಿ ಕನ್ನಡಿ ಸರಿ ಮಾಡಿಕೊಳ್ಳುವಷ್ಟರಲ್ಲಿ ಎರಡು ಸಲ ನಡುಗಿ ಬಂದ್ ಆಗುತ್ತದೆ. ಮತ್ತೆ ಸೆಲ್ಫ್ ಹೊಡೆದರೆ ಮತ್ತೆ ಅದೇ ಕಥೆ. ಹಳೇ ಓಮ್ನಿ ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ.

ನನ್ನ ಓಮ್ನಿಗೂ ಇದೇ ಕಾಯಿಲೆ ಬಂದಿತ್ತು. ಸ್ಟಾರ್ಟ್ ಮಾಡಿ ಅಂಗಳದಿಂದ ಹೊರಟರೆ ತೋಟದ ದಣಪೆ (ಬೇಲಿಯ ಗೇಟು) ತನಕ ಆರಾಮ. ದಣಪೆ ದಾಟಿ ಏರು ಶುರುವಾಗುವ ಜಾಗದಲ್ಲಿ ನಿಲ್ಲುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಎರಡು ಸಲ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಬಿಚ್ಚಿ ತೊಳೆದರು, ಕಿಟ್ ಹೊಸದು ಹಾಕಿದರು, ದುಡ್ಡೂ ತೆಗೆದುಕೊಂಡರು. ಗಾಡಿ ಮಾತ್ರ ಅದೇ ದಣಪೆ ಹತ್ತಿರ ನಿಂತಿತು. ಕೊನೆಗೆ ವಯಸ್ಸಾದ ಒಬ್ಬ ಮೇಸ್ತ್ರಿ ಹತ್ತಿರ ಹೋದೆ. ಅವರು ಸೀಟನ್ನೂ ಎತ್ತಲಿಲ್ಲ. "ಎಷ್ಟು ಹೊತ್ತಿಗೆ ನಿಲ್ತದೆ ಹೇಳಿ ಮಾರಾಯ್ರೇ, ಆಮೇಲೆ ಪಾನಾ ಹಿಡಿವ" ಅಂದರು. ಕಾರಣ ಸಿಕ್ಕಿದ್ದು ಆ ಪ್ರಶ್ನೆಯಿಂದ. ಏನಿತ್ತು ಅನ್ನುವುದನ್ನು ಕೆಳಗೆ ಅದರ ಜಾಗದಲ್ಲೇ ಹೇಳುತ್ತೇನೆ.

ಅದಕ್ಕೇ ಈ ಬರಹವನ್ನು ಬಿಡಿಭಾಗಗಳ ಪ್ರಕಾರ ಬರೆದಿಲ್ಲ, ಗಾಡಿ ಯಾವಾಗ, ಹೇಗೆ ನಿಲ್ಲುತ್ತದೆ ಅನ್ನುವುದರ ಪ್ರಕಾರ ಬರೆದಿದ್ದೇನೆ. ನಿಮ್ಮ ಗಾಡಿಗೆ ಹೊಂದುವ ಭಾಗವನ್ನು ಮೊದಲು ಓದಿ.

ನಿಮ್ಮದು ಯಾವ ಓಮ್ನಿ?

1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಗಾಡಿಗೆ 1988ರಲ್ಲಿ ಓಮ್ನಿ ಅಂತ ಹೆಸರಾಯಿತು. 2019ರ ತನಕ ತಯಾರಾಗುತ್ತಿತ್ತು. ಎಂಜಿನ್ 796 ಸಿಸಿ, ಮೂರು ಸಿಲಿಂಡರ್, ಮಾರುತಿ 800ರದ್ದೇ. ಅದು ಕೂತಿರುವುದು ಮುಂದಿನ ಸೀಟುಗಳ ಕೆಳಗೆ. ಹಳೆಯವು ಕಾರ್ಬುರೇಟರ್ ಗಾಡಿಗಳು, ಆಮೇಲಿನವು ಎಂಪಿಎಫ್‌ಐ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವಂಥವು. ಎಳೆಯುವ ಚೋಕ್ ಗುಂಡಿ ಇದ್ದರೆ ನಿಮ್ಮದು ಕಾರ್ಬುರೇಟರ್ ಗಾಡಿ. ಇಲ್ಲಿ ಜಾಸ್ತಿ ಹೇಳಿರುವುದು ಅದರ ಬಗ್ಗೆಯೇ. ಎಂಪಿಎಫ್‌ಐ ಮತ್ತು ಗ್ಯಾಸ್ (ಎಲ್‌ಪಿಜಿ) ಗಾಡಿಗಳ ವಿಷಯ ಕೊನೆಯ ಹತ್ತಿರ ಇದೆ.

ಸೀಟ್ ಎತ್ತುವ ಮುಂಚೆ

ಬೇರೆ ಕಾರಿನಲ್ಲಿ ಬಾನೆಟ್ ತೆಗೆದು ಹೊರಗೆ ನಿಂತು ಕೆಲಸ ಮಾಡುತ್ತೀರಿ. ಓಮ್ನಿಯಲ್ಲಿ ಎಂಜಿನ್ ಇರುವುದು ಗಾಡಿಯ ಒಳಗೆ, ನಿಮ್ಮ ಮುಖವೂ ಅಲ್ಲೇ. ಪೆಟ್ರೋಲ್ ಆವಿ ಒಳಗೆ ತುಂಬಿಕೊಳ್ಳುತ್ತದೆ. ಅದಕ್ಕೆ ಎಲ್ಲ ಬಾಗಿಲು ತೆಗೆದಿಡಿ. ಗಾಡಿ ಶೆಡ್ಡಿನಲ್ಲಿದ್ದರೆ ಹೊರಗೆ ತಳ್ಳಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಹೊಗೆಯ ವಿಷಾನಿಲ ಗೊತ್ತೇ ಆಗದ ಹಾಗೆ ಜೀವ ತೆಗೆಯುತ್ತದೆ. ಬೀಡಿ, ಸಿಗರೇಟು ದೂರ. ಮಕ್ಕಳೂ ದೂರ. ಒಂದು ಬಕೆಟ್ ಮರಳು ಅಥವಾ ಪೌಡರ್ ತುಂಬಿದ ಅಗ್ನಿಶಾಮಕ ಡಬ್ಬಿ ಕೈಗೆ ಸಿಗುವ ಹಾಗಿರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಬೇಡಿ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕಾರ್ಬುರೇಟರ್ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಸುರಿದು ಸೆಲ್ಫ್ ಹೊಡೆಯುವುದು ನಮ್ಮ ಕಡೆ ಮಾಮೂಲಿ. ಎಂಜಿನ್ ಒಂದು ಸಲ ಹಿಂದಕ್ಕೆ ಕೆಮ್ಮಿದರೂ ಆ ಬಾಯಿಂದ ಬೆಂಕಿ ಬರುತ್ತದೆ. ಸುರಿಯುವವನ ಕೈ ಅಲ್ಲೇ ಇರುತ್ತದೆ, ಬಾಟಲಿಯೂ ಅಲ್ಲೇ. ಮೆಕ್ಯಾನಿಕ್ ಮಾಡಿದರೂ ನೀವು ಬೇಡ ಅನ್ನಿ. ಬಾಯಲ್ಲಿ ಪೈಪ್ ಇಟ್ಟು ಪೆಟ್ರೋಲ್ ಎಳೆಯುವುದೂ ಬೇಡ. ಶ್ವಾಸಕೋಶಕ್ಕೆ ನಾಲ್ಕು ಹನಿ ಹೋದರೂ ಆಸ್ಪತ್ರೆ ಸೇರಬೇಕಾಗುತ್ತದೆ.

ಖರ್ಚಿಲ್ಲದೆ ನೋಡಬಹುದಾದದ್ದು

ನಗಬೇಡಿ, ಮೊದಲು ಪೆಟ್ರೋಲ್ ಇದೆಯಾ ನೋಡಿ. ಹಳೇ ಗಾಡಿಯ ಮುಳ್ಳನ್ನು ನಂಬುವ ಹಾಗಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಇರುವ ಎರಡು ಲೀಟರ್ ಒಂದು ಮೂಲೆಗೆ ಹೋಗಿ ಪೈಪಿಗೆ ಸಿಗದೇ ಇರಬಹುದು. ಮೂರು ನಾಲ್ಕು ಲೀಟರ್ ಹಾಕಿ, ಸಮತಟ್ಟಾದ ಜಾಗದಲ್ಲಿ ಒಮ್ಮೆ ನೋಡಿ.

ಗ್ಯಾಸ್ ಕಿಟ್ ಇದ್ದರೆ ಸ್ವಿಚ್ ಎಲ್ಲಿದೆ ನೋಡಿ. ಕಾರ್ಬುರೇಟರ್ ಗಾಡಿಗೆ ಹಾಕುವ ಹಳೇ ಕಿಟ್‌ಗಳ ಸ್ವಿಚ್ಚಿಗೆ ಮೂರು ಜಾಗ ಇರುತ್ತದೆ. ಒಂದು ಕಡೆ ಪೆಟ್ರೋಲ್, ಒಂದು ಕಡೆ ಗ್ಯಾಸ್, ನಡುವೆ ಎರಡೂ ಬಂದ್. ಯಾರದ್ದೋ ಕೈ ತಗುಲಿ ಅದು ನಡುವಿಗೆ ಬಂದಿದ್ದರೆ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಸ್ವಲ್ಪ ಓಡಿ, ನಿಲ್ಲುತ್ತದೆ. ಥೇಟ್ ದೊಡ್ಡ ರೋಗದ ಹಾಗೇ ಕಾಣುತ್ತದೆ. ಗಾಡಿಯನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಅಲ್ಲಿನ ಹುಡುಗ ಸ್ವಿಚ್ ಒತ್ತಿ ಸರಿ ಮಾಡಿಕೊಟ್ಟ ಉದಾಹರಣೆ ನನ್ನ ನೆಂಟರಲ್ಲೇ ಇದೆ.

ಸೈಲೆನ್ಸರ್ ತುದಿಗೆ ಒಂದು ಟಾರ್ಚ್ ಬಿಡಿ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ, ಇಲಿ ಅಡಿಕೆ ಸಿಪ್ಪೆ ತುಂಬಿಸಿರುತ್ತದೆ. ಹೊಗೆಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಎಂಜಿನ್ ಉಸಿರುಕಟ್ಟಿ ನಿಲ್ಲುತ್ತದೆ.

ಬ್ಯಾಟರಿ ಟರ್ಮಿನಲ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಬಿಳಿ, ಹಸಿರು ಹಿಟ್ಟು ಕಟ್ಟಿದ್ದರೆ ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಒಣಗಿಸಿ ಹಾಕಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಮೀಟರ್ ಇದ್ದರೆ ಎಂಜಿನ್ ಬಂದಾಗಿರುವಾಗ 12.6 ವೋಲ್ಟ್ ಹತ್ತಿರ ಇರಬೇಕು, ಓಡುವಾಗ 14ರ ಆಸುಪಾಸು.

ಲಕ್ಷಣ: ಸೆಲ್ಫ್ ಹೊಡೆಯುವಾಗ ಹಿಡಿಯುತ್ತದೆ, ಕೀ ಬಿಟ್ಟ ಕೂಡಲೇ ನಿಲ್ಲುತ್ತದೆ

ಇದು ಅರ್ಧ ಸೆಕೆಂಡಿನ ಮಾತು. ಇಲ್ಲಿ ಪೆಟ್ರೋಲನ್ನು ಬಯ್ಯಬೇಡಿ. ಪೆಟ್ರೋಲ್ ಸಮಸ್ಯೆ ಇಷ್ಟು ಚೊಕ್ಕವಾಗಿ ಕೀ ಜೊತೆ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಇದು ಕರೆಂಟಿನ ಕೆಲಸ.

ಕೀ ಸ್ಟಾರ್ಟ್ ಜಾಗದಿಂದ ಆನ್ ಜಾಗಕ್ಕೆ ವಾಪಸ್ ಬಂದಾಗ ಕಾಯಿಲ್‌ಗೆ (ಬ್ಯಾಟರಿ ಕರೆಂಟನ್ನು ಕಿಡಿ ಹಾರಿಸುವಷ್ಟು ಏರಿಸುವ ಭಾಗ) ಹೋಗುವ ಕರೆಂಟ್ ತಪ್ಪುತ್ತಿದೆ. ಬಹಳ ಸಲ ಇಗ್ನಿಷನ್ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ಸವೆದಿರುತ್ತದೆ. ಹತ್ತು ಕೀ, ಒಂದು ಗಣಪತಿ ಬೊಂಬೆ ನೇತಾಡುವ ಗೊಂಚಲು ಇದ್ದರೆ ಬೇಗ ಸವೆಯುತ್ತದೆ. ಗೊಂಚಲು ತೆಗೆದು ಬರೀ ಕೀ ಹಾಕಿ ನೋಡಿ. ಆನ್ ಜಾಗದಲ್ಲಿ ಕೀಯನ್ನು ಸ್ವಲ್ಪ ಅಲ್ಲಾಡಿಸಿ. ಡ್ಯಾಶ್‌ಬೋರ್ಡಿನ ಕೆಂಪು ದೀಪಗಳು ಮಿಣುಕಿದರೆ ಕಳ್ಳ ಸಿಕ್ಕಿದ ಅಂತಲೇ ಲೆಕ್ಕ.

ದೀಪ ಸರಿಯಾಗಿದ್ದರೆ ಒಂದು ಟೆಸ್ಟ್ ಲ್ಯಾಂಪ್ ತೆಗೆದುಕೊಳ್ಳಿ. ಒಂದು ತುದಿ ಎಂಜಿನ್ ಬಾಡಿಗೆ, ಇನ್ನೊಂದು ತುದಿ ಕಾಯಿಲ್‌ನ ಪ್ಲಸ್ಸಿಗೆ. ಕೀ ಆನ್ ಮಾಡಿದಾಗ ಹತ್ತಬೇಕು. ಕಾಯಿಲ್ ಜೊತೆ ಪಿಂಗಾಣಿಯ ರೆಸಿಸ್ಟರ್ ಇದ್ದರೆ ಅದರ ಎರಡೂ ತುದಿಯಲ್ಲಿ ನೋಡಿ. ಒಂದು ತುದಿಯಲ್ಲಿ ಹತ್ತಿ ಇನ್ನೊಂದರಲ್ಲಿ ಹತ್ತದಿದ್ದರೆ ರೆಸಿಸ್ಟರ್ ಹೋಗಿದೆ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡಾಗ ಬ್ಯಾಟರಿಯಿಂದ ಕಾಯಿಲ್‌ಗೆ ನೇರ ವೈರ್ ಎಳೆದು ಮನೆ ಮುಟ್ಟಿಸುವವರಿದ್ದಾರೆ. ಹಾಗೆ ಮಾಡಿದರೆ ಕೀ ತೆಗೆದರೂ ಎಂಜಿನ್ ಬಂದ್ ಆಗುವುದಿಲ್ಲ. ನಿಂತ ಮೇಲೆ ವೈರ್ ಬಿಚ್ಚಲು ಮರೆತರೆ ಕಾಯಿಲ್ ಕಾದು ಸುಡುತ್ತದೆ, ಅದೂ ಸೀಟಿನ ಕೆಳಗೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಸ್ವಿಚ್ ಬದಲಾಯಿಸಿಕೊಳ್ಳುವುದೇ ಸರಿ.

ಲಕ್ಷಣ: ಬೆಳಗ್ಗೆ ತಣ್ಣಗಿರುವಾಗ ಮಾತ್ರ, ಐದ್ಹತ್ತು ಸೆಕೆಂಡಿಗೆ ನಿಲ್ಲುತ್ತದೆ

ಚೋಕ್ ಎಳೆದಿದ್ದೀರಾ? ಎಳೆದರೆ ನಿಜಕ್ಕೂ ಮುಚ್ಚುತ್ತಿದೆಯಾ? ಗುಂಡಿ ಹೊರಗೆ ಬಂದರೂ ಕೇಬಲ್ ಕ್ಲಿಪ್ ಜಾರಿ ಚೋಕ್ ಪಟ್ಟಿ ಅಲ್ಲಾಡದೇ ಇರಬಹುದು. ಎಂಜಿನ್ ಬಂದಾಗಿರುವಾಗ ಏರ್ ಫಿಲ್ಟರಿನಿಂದ ಬರುವ ದೊಡ್ಡ ಪೈಪ್ ತೆಗೆದು, ಒಬ್ಬರಿಗೆ ಗುಂಡಿ ಎಳೆಯಲು ಹೇಳಿ, ನೀವು ಕಾರ್ಬುರೇಟರ್ ಬಾಯಿ ನೋಡಿ. ಪಟ್ಟಿ ಪೂರ್ತಿ ಮುಚ್ಚಬೇಕು, ಬಿಟ್ಟಾಗ ಪೂರ್ತಿ ತೆಗೆಯಬೇಕು. ಹಾಗಾಗದಿದ್ದರೆ ಕೇಬಲ್ ಸರಿ ಮಾಡಿ. ಅಷ್ಟೇ ಕೆಲಸ.

ಚೋಕ್ ಸರಿಯಾಗಿದ್ದೂ ಹೀಗಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿ ನೋಡಿ. ತಿಳಿ ಕಂದು ಅಥವಾ ಬೂದಿ ಬಣ್ಣ ಇದ್ದರೆ ಒಳ್ಳೆಯದು. ಮಸಿ ಹಿಡಿದು ಒಣಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಎಣ್ಣೆ ಜಿಡ್ಡಿದ್ದರೆ ಎಂಜಿನ್ನೇ ಸವೆದಿದೆ. ಗ್ಯಾಪ್ 0.7ರಿಂದ 0.8 ಮಿಲಿಮೀಟರ್ ಇರಲಿ. ಮೂರು ಪ್ಲಗ್ಗಿನ ವೈರುಗಳಿಗೆ ಗುರುತು ಹಾಕಿಕೊಂಡೇ ಬಿಚ್ಚಿ. ಫೈರಿಂಗ್ ಕ್ರಮ, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಕ್ರಮ, 1, 3, 2. ಎರಡು ವೈರ್ ಅದಲುಬದಲಾದರೆ ಹೊಸ ಕಾಯಿಲೆ ನೀವೇ ತಂದುಕೊಂಡ ಹಾಗೆ.

ಲಕ್ಷಣ: ಆಕ್ಸಿಲರೇಟರ್ ಒತ್ತಿ ಹಿಡಿದರೆ ಬದುಕುತ್ತದೆ, ಕಾಲು ತೆಗೆದರೆ ಸಾಯುತ್ತದೆ

ಕಾಲಿಟ್ಟರೆ ಓಡುತ್ತದೆ ಅಂದರೆ ಪಂಪ್, ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ಕಡಿದು ಕೊಡುವ ಸಣ್ಣ ಕಾಂಟ್ಯಾಕ್ಟ್), ಕಾಯಿಲ್ ಎಲ್ಲ ಹೆಚ್ಚುಕಮ್ಮಿ ಸರಿಯಾಗಿವೆ. ಕೆಟ್ಟಿರುವುದು ಐಡಲಿಂಗ್ ದಾರಿ ಮಾತ್ರ, ಅಂದರೆ ಕಾಲು ತೆಗೆದಾಗ ಎಂಜಿನ್ ನಿಧಾನಕ್ಕೆ ಓಡುತ್ತಿರಲು ಪೆಟ್ರೋಲ್ ಹೋಗುವ ದಾರಿ.

ಮೊದಲು ಸೋಲನಾಯ್ಡ್. ಕಾರ್ಬುರೇಟರಿನ ಮೈಮೇಲೆ ಹೆಬ್ಬೆರಳು ಗಾತ್ರದ ಒಂದು ಲೋಹದ ತುಂಡು ಇರುತ್ತದೆ, ಅದಕ್ಕೊಂದು ವೈರ್ ಬಂದಿರುತ್ತದೆ. ಕೀ ಆನ್ ಮಾಡಿದಾಗ ಅದು "ಟಕ್" ಅಂತ ಸದ್ದು ಮಾಡಿ ಐಡಲಿಂಗ್ ಪೆಟ್ರೋಲಿಗೆ ದಾರಿ ಬಿಡಬೇಕು. ರೇಡಿಯೋ, ಫ್ಯಾನ್ ಬಂದ್ ಮಾಡಿ, ಕಿವಿಗೊಟ್ಟು ಕೇಳಿ. ಸದ್ದಿಲ್ಲದಿದ್ದರೆ ವೈರ್ ಕಳಚಿದೆಯಾ, ತುಕ್ಕು ಹಿಡಿದಿದೆಯಾ ನೋಡಿ. ವೈರನ್ನು ಮುಟ್ಟಿಸಿ ಕಿಡಿ ಬರುತ್ತದಾ ಅಂತ ನೋಡಬೇಡಿ, ಪಕ್ಕದಲ್ಲೇ ಪೆಟ್ರೋಲ್ ಇದೆ. ಕೀ ಆಫ್ ಮಾಡಿ ವೈರ್ ಸೇರಿಸಿ, ಆಮೇಲೆ ಕೀ ಆನ್ ಮಾಡಿ. ಕರೆಂಟ್ ಬಂದೂ ಸದ್ದಿಲ್ಲದಿದ್ದರೆ ಸೋಲನಾಯ್ಡ್ ಹೊಸದು ಬೇಕು.

ಎರಡನೆಯದು ಕಳ್ಳ ಗಾಳಿ. ಕಾರ್ಬುರೇಟರ್ ದಾಟಿದ ಮೇಲೆ ಎಲ್ಲಿಂದಲೋ ಗಾಳಿ ಒಳಗೆ ನುಗ್ಗಿದರೆ ಮಿಶ್ರಣ ತೆಳುವಾಗಿ ಐಡಲಿಂಗ್ ನಿಲ್ಲುವುದಿಲ್ಲ. ಸುಸ್ಸ್ ಅಂತ ಸದ್ದು ಕೇಳಬಹುದು. ಸಣ್ಣ ರಬ್ಬರ್ ಪೈಪುಗಳ ತುದಿ ಸೀಳಿರುತ್ತದೆ, ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಒಣಗಿರುತ್ತದೆ, ನಟ್ ಸಡಿಲ ಆಗಿರುತ್ತದೆ. ಬ್ರೇಕ್ ಬೂಸ್ಟರ್ ಇರುವ ಗಾಡಿಯಲ್ಲಿ ಬ್ರೇಕ್ ಒತ್ತಿದಾಗಲೇ ಎಂಜಿನ್ ನಿಂತರೆ ಬೂಸ್ಟರ್ ಪೈಪ್ ನೋಡಿ. ಕೆಲವರು ಪೆಟ್ರೋಲ್ ಚಿಮುಕಿಸಿ ಪರೀಕ್ಷೆ ಮಾಡುತ್ತಾರೆ. ಬೇಡ. ಸೋಪಿನ ನೀರು ಸಾಕು. ಎಂಜಿನ್ ಹೇಗಾದರೂ ಓಡುತ್ತಿರುವಾಗ ಜೋಡಣೆಗಳ ಮೇಲೆ ಸ್ವಲ್ಪ ಸ್ವಲ್ಪ ಚಿಮುಕಿಸಿ. ಎಂಜಿನ್ ಸದ್ದು ಬದಲಾದ ಜಾಗವೇ ತೂತು. ಡಿಸ್ಟ್ರಿಬ್ಯೂಟರ್ (ಮೂರು ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಭಾಗ) ಕಡೆ ನೀರು ಹೋಗದ ಹಾಗೆ ನೋಡಿಕೊಳ್ಳಿ.

ಇವೆರಡೂ ಸರಿಯಾಗಿದ್ದರೆ ಮಾತ್ರ ಐಡಲ್ ಜೆಟ್ಟಿನಲ್ಲಿ (ಐಡಲಿಂಗ್ ಪೆಟ್ರೋಲ್ ಹಾಯುವ ಸಣ್ಣ ತೂತು) ಕಸ ಅಂತ ಅನುಮಾನ ಪಡಿ. ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಮುಟ್ಟುವ ಮುಂಚೆ ಅದು ಒಳಗೆ ಎಷ್ಟು ಸುತ್ತು ಹೋಗುತ್ತದೆ ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ತಳ ಮುಟ್ಟಿದ ಮೇಲೆ ಬಲ ಹಾಕಬೇಡಿ, ಸೂಜಿಯ ಮೂತಿ ಮುರಿಯುತ್ತದೆ. ಜೆಟ್ಟಿಗೆ ಗಾಳಿ ಹೊಡೆಯಿರಿ, ತಂತಿ ತೂರಿಸಬೇಡಿ. ಆ ತೂತು ಒಂದು ಕೂದಲಿನಷ್ಟು ದೊಡ್ಡದಾದರೂ ಮೈಲೇಜ್ ಹೋಯಿತು.

ಲಕ್ಷಣ: ಒಂದೆರಡು ನಿಮಿಷ ಚೆನ್ನಾಗಿ ಓಡಿ, ಎಳೆತ ಸತ್ತು, ನಿಲ್ಲುತ್ತದೆ. ಸ್ವಲ್ಪ ಕಾದರೆ ಮತ್ತೆ ಸ್ಟಾರ್ಟ್

ನನ್ನ ಗಾಡಿಯ ಕಥೆ ಇದೇ. ಕಾರ್ಬುರೇಟರಿನ ಫ್ಲೋಟ್ ಬಟ್ಟಲು ಅಂದರೆ ಮನೆ ಮೇಲಿನ ಸಿಂಟೆಕ್ಸ್ ಇದ್ದ ಹಾಗೆ. ಬಾವಿಯ ಮೋಟರ್ ಕೆಟ್ಟರೂ ಟ್ಯಾಂಕ್ ಖಾಲಿ ಆಗುವ ತನಕ ನಲ್ಲಿಯಲ್ಲಿ ನೀರು ಬರುತ್ತದೆ. ಇಲ್ಲಿಯೂ ಅಷ್ಟೇ. ಬಟ್ಟಲಿನಲ್ಲಿ ಇದ್ದಷ್ಟು ಹೊತ್ತು ಎಂಜಿನ್ ಓಡುತ್ತದೆ, ಆಮೇಲೆ ಹಿಂದಿನಿಂದ ಬರದಿದ್ದರೆ ನಿಲ್ಲುತ್ತದೆ. ಸುಮ್ನೆ ಐಡಲಿಂಗ್‌ನಲ್ಲಿ ಬಿಟ್ಟರೆ ಜಾಸ್ತಿ ಹೊತ್ತು, ಏರು ಹತ್ತಿದರೆ ಕಡಿಮೆ ಹೊತ್ತು. ದಣಪೆ ಹತ್ತಿರವೇ ಯಾಕೆ ನಿಲ್ಲುತ್ತಿತ್ತು ಅಂತ ಈಗ ಅರ್ಥ ಆಯಿತಲ್ವಾ?

ಟ್ಯಾಂಕಿನಿಂದ ಎಂಜಿನ್ ಕಡೆಗೆ ಒಂದೊಂದೇ ನೋಡುತ್ತಾ ಬನ್ನಿ.

ಗಾಡಿ ನಿಂತ ಕೂಡಲೇ ಪೆಟ್ರೋಲ್ ಮುಚ್ಚಳ ತೆಗೆಯಿರಿ. ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿದೆ. ಸಾಮಾನ್ಯವಾಗಿ ಇದು ಇನ್ನೂ ಸ್ವಲ್ಪ ದೂರ ಓಡಿದ ಮೇಲೆ ಕಾಣುವ ಲಕ್ಷಣ. ಆದರೂ ನೋಡಲು ಖರ್ಚಿಲ್ಲ.

ಮುಂದೆ ಫಿಲ್ಟರ್. ಪಾರದರ್ಶಕ ಪ್ಲಾಸ್ಟಿಕ್ಕಿನದ್ದಾದರೆ ಒಳಗೆ ಕಂದು ಬಣ್ಣದ ಪುಡಿ ಕಾಣುತ್ತದೆ. ಅದು ಟ್ಯಾಂಕಿನ ತುಕ್ಕು. ಊದಿ ವಾಪಸ್ ಹಾಕಬೇಡಿ, ಹೊಸದೇ ಹಾಕಿ. ಬಾಣದ ಗುರುತು ಎಂಜಿನ್ ಕಡೆಗೆ ಇರಲಿ.

ಮುಂದೆ ರಬ್ಬರ್ ಪೈಪ್. ನನ್ನ ಗಾಡಿಯಲ್ಲಿ ಕಳ್ಳ ಅಡಗಿದ್ದದ್ದು ಇಲ್ಲಿ. ಹೊರಗಿನಿಂದ ಪೈಪ್ ಕಪ್ಪಗೆ, ಹೊಸದರ ಹಾಗಿತ್ತು. ಮೇಸ್ತ್ರಿ ಅದನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು, ಬಿಚ್ಚಿದರು, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದರು. ಒಳಗಿನ ಪದರ ಎದ್ದು ಬಂದು ಕರುವಿನ ನಾಲಿಗೆಯ ಹಾಗೆ ಜೋತು ಬಿದ್ದಿತ್ತು. ಪಂಪ್ ಎಳೆದಾಗೆಲ್ಲ ಆ ನಾಲಿಗೆ ದಾರಿ ಮುಚ್ಚುತ್ತಿತ್ತು, ನಿಂತ ಮೇಲೆ ಸಡಿಲ ಆಗುತ್ತಿತ್ತು. ಅರ್ಧ ಮೀಟರ್ ಪೈಪ್, ಎರಡು ಕ್ಲಿಪ್. ಎರಡು ಸಲ ಕಾರ್ಬುರೇಟರ್ ಬಿಚ್ಚಿಸಿದ ಲೆಕ್ಕ ನೆನೆದು ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಜಾಸ್ತಿ. ಶೇಕಡ 20 ಎಥನಾಲ್ ಇರುವ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಆಯಿತು. ಹಳೇ ಓಮ್ನಿಯ ರಬ್ಬರನ್ನು ಅದಕ್ಕೆ ಅಂತ ಮಾಡಿದ್ದಲ್ಲ. ಪೈಪ್ ಕೊಳ್ಳುವಾಗ ಎಥನಾಲ್ ತಡೆಯುವ ಪೆಟ್ರೋಲ್ ಪೈಪನ್ನೇ ಕೇಳಿ. ನೀರಿನ ಪೈಪ್, ಗ್ಯಾಸ್ ಸ್ಟೌವಿನ ಪೈಪ್ ಹಾಕಿ ಕೆಲಸ ಮುಗಿಸಬೇಡಿ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ಮಳೆಗಾಲ ಪೂರ್ತಿ ನಿಂತ ಗಾಡಿಯಾದರೆ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಟ್ಟಿದರೆ ಅದು ಎಥನಾಲ್ ಬೆರೆತ ನೀರು. ಟ್ಯಾಂಕ್ ಖಾಲಿ ಮಾಡಿಸಲೇಬೇಕು.

ಇಷ್ಟೂ ಸರಿಯಿದ್ದರೆ ಪಂಪ್. ಕಾರ್ಬುರೇಟರ್ ಓಮ್ನಿಯಲ್ಲಿ ಅದು ಎಂಜಿನ್ ಮೈಗೇ ಕೂತಿರುವ ಮೆಕ್ಯಾನಿಕಲ್ ಪಂಪ್, ನಮ್ಮವರು ಎಸಿ ಪಂಪ್ ಅನ್ನುತ್ತಾರೆ. ಪರೀಕ್ಷೆ ಹೀಗೆ: ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಕೀ ಆಫ್ ಇರುವಾಗ ಕಾಯಿಲ್‌ನ ಪ್ಲಸ್ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಪಕ್ಕಕ್ಕಿಡಿ. ಕಿಡಿ ಬರಬಾರದು ಅನ್ನುವುದಕ್ಕೆ ಇದು. ಕಾರ್ಬುರೇಟರಿಗೆ ಬರುವ ಪೈಪ್ ಬಿಚ್ಚಿ ಬಾಟಲಿಯ ಒಳಗೆ ಆಳಕ್ಕೆ ಬಿಡಿ. ಇನ್ನೊಬ್ಬರು ಐದು ಸೆಕೆಂಡ್ ಸೆಲ್ಫ್ ಹೊಡೆಯಲಿ. ಪೆಟ್ರೋಲ್ ಪುಳಕ್ ಪುಳಕ್ ಅಂತ ಜೋರಾಗಿ ಬೀಳಬೇಕು. ಹನಿ ಹನಿ ಬಂದರೆ ಅಥವಾ ಗುಳ್ಳೆ ಜೊತೆ ಬಂದರೆ ಪಂಪ್ ಸೋತಿದೆ, ಇಲ್ಲವೇ ಹಿಂದೆ ಎಲ್ಲೋ ಗಾಳಿ ಎಳೆಯುತ್ತಿದೆ. ಇದನ್ನು ಮಾಡಲು ಧೈರ್ಯ ಇಲ್ಲದಿದ್ದರೆ ಬಿಡಿ, ಮೆಕ್ಯಾನಿಕ್ ಐದು ನಿಮಿಷದಲ್ಲಿ ಮಾಡುತ್ತಾನೆ.

ಪಂಪ್ ಮೇಲೆ ಅನುಮಾನ ಬಂದರೆ ಆಯಿಲ್ ಕಡ್ಡಿ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದು, ಮಟ್ಟವೂ ಏರಿದ್ದರೆ ಪಂಪಿನ ಒಳಗಿನ ಡಯಾಫ್ರಂ ಹರಿದು ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರುತ್ತಿದೆ ಅಂತ ತಿಳಿಯಿರಿ. ಅಲ್ಲಿಂದ ಮುಂದೆ ಸ್ಟಾರ್ಟ್ ಮಾಡಲೇಬೇಡಿ. ಪಂಪ್ ಮತ್ತು ಆಯಿಲ್ ಎರಡನ್ನೂ ಬದಲಾಯಿಸಬೇಕು.

ಲಕ್ಷಣ: ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಗಡಗಡ ಅಂದು ನಿಲ್ಲುತ್ತದೆ

ಇದು ಹಿಂದಿನದಕ್ಕೆ ಉಲ್ಟಾ. ಪೆಟ್ರೋಲ್ ಜಾಸ್ತಿಯಾಗಿದೆ. ಎಂಜಿನ್ ಬಿಸಿಯಾದ ಮೇಲೂ ಚೋಕ್ ಒಳಗೆ ತಳ್ಳಲು ಮರೆತಿರಬಹುದು. ಏರ್ ಫಿಲ್ಟರ್ ಧೂಳಿನಿಂದ ಕಟ್ಟಿರಬಹುದು. ಅದನ್ನು ತೆಗೆದು ಬಿಸಿಲಿಗೆ ಹಿಡಿಯಿರಿ, ಬೆಳಕು ಕಾಣದಿದ್ದರೆ ಹೊಸದು ಹಾಕಿ. ಎರಡೂ ಅಲ್ಲದಿದ್ದರೆ ಫ್ಲೋಟಿನ ಸೂಜಿ ಸಿಕ್ಕಿಕೊಂಡು ಬಟ್ಟಲು ತುಂಬಿ ಹರಿಯುತ್ತಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬಟ್ಟಲಿಗೆ ಮೆಲ್ಲಗೆ ತಟ್ಟಿದರೆ ಕೆಲವು ಸಲ ಸರಿಹೋಗುತ್ತದೆ. ಹೊರಗೆ ಪೆಟ್ರೋಲ್ ಸೋರುತ್ತಿರುವುದು ಕಂಡರೆ ತಟ್ಟುವುದೂ ಬೇಡ. ಕೀ ತೆಗೆದು, ಕೆಳಗಿಳಿದು, ಗಾಡಿಯನ್ನು ತಳ್ಳಿ ನಿಲ್ಲಿಸಿ.

ಹೀಗೆ ಪೆಟ್ರೋಲ್ ತುಂಬಿ ಓವರ್ ಆದ ಗಾಡಿ ಎಬ್ಬಿಸಲು ಆಕ್ಸಿಲರೇಟರನ್ನು ಪದೇ ಪದೇ ಪಂಪ್ ಮಾಡಬೇಡಿ. ಪ್ರತಿ ಒತ್ತಿಗೂ ಇನ್ನಷ್ಟು ಪೆಟ್ರೋಲ್ ಚಿಮ್ಮುತ್ತದೆ. ಹತ್ತು ನಿಮಿಷ ಬಿಟ್ಟು, ಚೋಕ್ ಒಳಗಿಟ್ಟು, ಕಾಲನ್ನು ಪೂರ್ತಿ ಒತ್ತಿ ಹಿಡಿದೇ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಬೇಡ, ನಡುವೆ ಅರ್ಧ ನಿಮಿಷ ಬಿಡಿ.

ಲಕ್ಷಣ: ಬಿಸಿಯಾದ ಮೇಲೆ ಠಪ್ ಅಂತ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಸರಿ

ಇದರಲ್ಲಿ ಎರಡು ಜಾತಿ. ಎಳೆತ ಕಡಿಮೆಯಾಗಿ, ಎಳೆದೂ ಎಳೆದೂ ನಿಂತರೆ ಪೆಟ್ರೋಲ್. ಸ್ವಿಚ್ ಒತ್ತಿ ದೀಪ ಆರಿಸಿದ ಹಾಗೆ ಒಂದೇ ಸಲ ನಿಂತರೆ ಕರೆಂಟ್.

ಪೆಟ್ರೋಲಿನದ್ದಾದರೆ ಬೇಸಿಗೆಯಲ್ಲಿ ಪಂಪ್, ಪೈಪ್ ಕಾದು ಒಳಗಿನ ಪೆಟ್ರೋಲ್ ಆವಿಯಾಗಿರುತ್ತದೆ. ಏರ್ ಲಾಕ್ ಅನ್ನುತ್ತೇವಲ್ಲ, ಅದು. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಕಾದರೆ ಹೊರಡುತ್ತದೆ. ಪೈಪ್ ಸೈಲೆನ್ಸರ್ ಹತ್ತಿರ ಹಾದುಹೋಗಿದ್ದರೆ ದೂರಕ್ಕೆ ಕಟ್ಟಿಸಿ.

ಕರೆಂಟಿನದ್ದಾದರೆ ನನ್ನ ಮೊದಲ ಅನುಮಾನ ಕಂಡೆನ್ಸರ್ (ಪಾಯಿಂಟಿನಲ್ಲಿ ಕಿಡಿ ಹಾರಿ ಸುಡದ ಹಾಗೆ ತಡೆಯುವ ಸಣ್ಣ ಭಾಗ), ಎರಡನೆಯದು ಕಾಯಿಲ್. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್ ನೋಡಿ. ಮೇಲ್ಮೈ ಸುಟ್ಟು, ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಬಂದಿದ್ದರೆ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ. ತಿಂಡಿ ಕಾಫಿಯ ದುಡ್ಡಿಗೆ ಸಿಗುವ ಸಾಮಾನು. ಪಾಯಿಂಟ್ ಜೊತೆ ಅದನ್ನೂ ಬದಲಾಯಿಸಿ. ಪಾಯಿಂಟ್ ಗ್ಯಾಪ್ 0.4ರಿಂದ 0.5 ಮಿಲಿಮೀಟರ್. ಫೀಲರ್ ಗೇಜ್ ಇಲ್ಲದೆ ದಾರಿಯಲ್ಲಿ ಸಿಕ್ಕಿಕೊಂಡರೆ ದಪ್ಪನೆಯ ವಿಸಿಟಿಂಗ್ ಕಾರ್ಡ್ ಆಪತ್ಕಾಲಕ್ಕೆ ಆಗುತ್ತದೆ. ಆ ಕಾರ್ಡಿನ ಜಿಡ್ಡು ಪಾಯಿಂಟಿಗೆ ಅಂಟದಿರಲಿ.

ಕಾಯಿಲನ್ನು ಗಾಡಿ ನಿಂತ ಕೂಡಲೇ, ಕೀ ತೆಗೆದು, ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಬೆಚ್ಚಗಿದ್ದರೆ ಸಹಜ. ಕೈ ಇಡಲಾಗದಷ್ಟು ಸುಟ್ಟರೆ ಕಾಯಿಲ್ ಹೋಗುತ್ತಿದೆ, ಅಥವಾ ಆ ಗಾಡಿಯದ್ದಲ್ಲದ ಕಾಯಿಲ್ ಹಾಕಿದ್ದಾರೆ. ಎಂಜಿನ್ ಓಡುವಾಗ ಪ್ಲಗ್ ವೈರ್ ಕೈಯಲ್ಲಿ ಎಳೆದು ಕಿಡಿ ನೋಡುವ ಶೂರತನ ಬೇಡ. ಸಾವಿರಾರು ವೋಲ್ಟ್ ಹೊಡೆತ ಅದು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುವ ಎಂಜಿನ್ ಹತ್ತಿರ ಬಗ್ಗುವುದೇ ಬೇಡ.

ಲಕ್ಷಣ: ಮಳೆ ಬಂದ ದಿನ ಮಾತ್ರ

ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ ಕೂತಿರುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಕೂದಲೆಳೆಯಂಥ ಕಪ್ಪು ಗೀರು ಇದೆಯಾ ನೋಡಿ. ಇದ್ದರೆ ಮುಚ್ಚಳ ಬಿರುಕು ಬಿಟ್ಟಿದೆ, ಹೊಸದು ಹಾಕಿ. ರಾತ್ರಿ ಕತ್ತಲಲ್ಲಿ ಎಂಜಿನ್ ಓಡಿಸಿ, ದೂರದಿಂದ, ಏನನ್ನೂ ಮುಟ್ಟದೆ ನೋಡಿದರೆ ಹಳೇ ಪ್ಲಗ್ ವೈರಿನ ಮೇಲೆ ನೀಲಿ ಮಿಂಚು ಹರಿಯುವುದು ಕಾಣುತ್ತದೆ. ಮಲೆನಾಡಿನವರು ಇಲಿ ಕಡಿದ ವೈರನ್ನೂ ಹುಡುಕಿ. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಅದಕ್ಕೆ ಬಾಣಂತಿ ಕೋಣೆ.

ನಿಮ್ಮದು ಎಂಪಿಎಫ್‌ಐ ಆದರೆ

ಕೀ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಎರಡು ಮೂರು ಸೆಕೆಂಡ್ "ಗುಂಯ್" ಅಂತ ಪಂಪ್ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ ನೋಡಿ. ಸದ್ದಿದ್ದೂ ಐಡಲಿಂಗ್ ನಿಲ್ಲದಿದ್ದರೆ ಥ್ರಾಟಲ್ ಬಾಡಿ ಮತ್ತು ಐಡಲ್ ವಾಲ್ವಿಗೆ ಮಸಿ ಕಟ್ಟಿರುವುದೇ ಜಾಸ್ತಿ. ಕ್ಲೀನ್ ಮಾಡಿಸಿದರೆ ಮುಗಿಯಿತು. ಎಂಜಿನ್ ಗುರುತಿನ ಹಳದಿ ದೀಪ ಹತ್ತಿ ಉಳಿದಿದ್ದರೆ ಗ್ಯಾರೇಜಿನ ಸ್ಕ್ಯಾನರಿನಲ್ಲಿ ದೋಷದ ಕೋಡ್ ಓದಿಸಿ, ಊಹೆ ಮೇಲೆ ಸೆನ್ಸರ್ ಕೊಳ್ಳಬೇಡಿ. ಇದರ ಪೆಟ್ರೋಲ್ ಲೈನಿನಲ್ಲಿ ಒತ್ತಡ ಇರುತ್ತದೆ. ಕಾರ್ಬುರೇಟರ್ ಗಾಡಿಯ ಹಾಗೆ ಪೈಪ್ ಬಿಚ್ಚಿದರೆ ಮುಖಕ್ಕೆ ಚಿಮ್ಮುತ್ತದೆ.

ಗ್ಯಾಸ್ ಗಾಡಿ

ಗ್ಯಾಸಿಗೆ ಹಾಕಿದಾಗ ಮಾತ್ರ ನಿಂತರೆ ವೇಪರೈಸರ್ ನೋಡಿ. ದ್ರವದ ಗ್ಯಾಸ್ ಆವಿಯಾಗಲು ರೇಡಿಯೇಟರಿನ ಬಿಸಿನೀರು ಅದರ ಸುತ್ತ ಹರಿಯಬೇಕು. ಕೂಲೆಂಟ್ ಕಡಿಮೆಯಾದರೆ ವೇಪರೈಸರ್ ಮೈಮೇಲೆ ಐಸ್ ಕ್ಯಾಂಡಿಯ ಹಾಗೆ ಹಿಮ ಕಟ್ಟಿ ಗ್ಯಾಸ್ ನಿಲ್ಲುತ್ತದೆ. ಎಂಜಿನ್ ತಣ್ಣಗಾದ ಮೇಲೆ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು ಮಟ್ಟ ನೋಡಿ. ಪೆಟ್ರೋಲಿಗೆ ಹಾಕಿದಾಗ ಮಾತ್ರ ನಿಂತರೆ, ವರ್ಷಗಟ್ಟಲೆ ಬಳಸದ ಪೆಟ್ರೋಲ್ ಕಾರ್ಬುರೇಟರಿನಲ್ಲಿ ಅಂಟಾಗಿರುತ್ತದೆ. ಕಾರ್ಬುರೇಟರ್ ತೊಳೆಸುವ ಕೆಲಸಕ್ಕೆ ನಿಜವಾಗಿ ಅರ್ಥ ಬರುವುದು ಇಲ್ಲಿ.

ಗ್ಯಾಸ್ ವಾಸನೆ ಬಂದರೆ ಪತ್ತೆದಾರಿಕೆ ಬೇಡ. ಅದು ಗಾಳಿಗಿಂತ ಭಾರ, ಗಾಡಿಯ ನೆಲದಲ್ಲೇ ನಿಲ್ಲುತ್ತದೆ. ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರೂ ಇಳಿಯಿರಿ, ಬಾಗಿಲು ತೆಗೆದಿಡಿ, ಕೈಗೆ ಸಿಕ್ಕರೆ ಟ್ಯಾಂಕಿನ ವಾಲ್ವ್ ಮುಚ್ಚಿ, ದೂರ ಹೋಗಿ ಫೋನ್ ಮಾಡಿ. ಅಡುಗೆ ಸಿಲಿಂಡರಿನಿಂದ ತುಂಬಿಸಿಕೊಳ್ಳುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಇಲ್ಲಿಗೆ ನಿಲ್ಲಿಸಿ, ಗ್ಯಾರೇಜಿಗೆ ಫೋನ್ ಮಾಡಿ

ಎಲ್ಲಿಂದಲಾದರೂ ಪೆಟ್ರೋಲ್ ಸೋರುತ್ತಿದ್ದರೆ, ವೈರ್ ಸುಟ್ಟ ವಾಸನೆ ಬಂದರೆ ನಿಮ್ಮ ಕೆಲಸ ಮುಗಿಯಿತು. ಬಿಳಿ ಹೊಗೆ ನಿಲ್ಲದೆ ಬಂದು, ರೇಡಿಯೇಟರ್ ನೀರು ಕಡಿಮೆಯಾಗುತ್ತಾ, ಆಯಿಲ್ ಹಾಲು ಹಾಕಿದ ಕಾಫಿ ಹಾಗಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಸೆಲ್ಫ್ ಹೊಡೆದಾಗ ಎಂಜಿನ್ ಮೊದಲಿಗಿಂತ ಹಗುರವಾಗಿ, ಒಂದೇ ಸಮನೆ ತಿರುಗಿದರೆ ಕಂಪ್ರೆಷನ್ ಇಲ್ಲ. ಟೈಮಿಂಗ್ ಬೆಲ್ಟ್ ಹಲ್ಲು ಜಾರಿರಬಹುದು. ಬೆಲ್ಟ್ ಹಾಕಿಸಿ ಎಷ್ಟು ವರ್ಷ ಆಯಿತು ಅಂತ ನೆನಪಿಲ್ಲದಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಘಾಟಿ ರಸ್ತೆಯಲ್ಲಿ ನಿಲ್ಲುವ ಅಭ್ಯಾಸ ಹಿಡಿದ ಗಾಡಿಯನ್ನು ಸರಿ ಆಗುವ ತನಕ ಘಾಟಿಗೆ ಒಯ್ಯಬೇಡಿ, ಸ್ಕೂಲ್ ಮಕ್ಕಳನ್ನಂತೂ ಹತ್ತಿಸಲೇಬೇಡಿ.

ಫೋನಿನಲ್ಲಿ "ಗಾಡಿ ಬಂದ್ ಬೀಳ್ತಿದೆ" ಅಂತ ಅಷ್ಟೇ ಹೇಳಬೇಡಿ. ಎಷ್ಟು ಸೆಕೆಂಡಿಗೆ ನಿಲ್ಲುತ್ತದೆ, ತಣ್ಣಗೋ ಬಿಸಿಯೋ, ಎಳೆದು ನಿಲ್ಲುತ್ತದೋ ಠಪ್ ಅಂತಲೋ, ಮತ್ತೆ ಸ್ಟಾರ್ಟ್ ಆಗಲು ಎಷ್ಟು ಹೊತ್ತು ಕಾಯಬೇಕು, ಈಚೆಗೆ ಏನು ಬದಲಾಯಿಸಿದ್ದೀರಿ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೇಳಿ. ಚೋಕ್ ಎಳೆದಿತ್ತಾ ಇಲ್ಲವಾ ಅನ್ನುವುದನ್ನೂ ಸೇರಿಸಿ. ಒಳ್ಳೆ ಮೆಕ್ಯಾನಿಕ್ ಕೇಳುವ ಮೊದಲ ಪ್ರಶ್ನೆ ಅದೇ.